ಮಾಲ್ಟಿಗೆ ಬೆರೆಸಿದ್ದು

ಕೊರೊನಾ ಕಾಲದಲ್ಲಿ ಹನುಮಂತನಗರದ ಆ ಬೀದಿಯವರೆಲ್ಲ ನಾಗಲಕ್ಷ್ಮಮ್ಮನವರ ಕಾಂಪೌಂಡಿನ ಅಮೃತಬಳ್ಳಿಗೆ ಕ್ಯೂ ನಿಂತಿದ್ದರು. "ಮೈಗೆ ಶಕ್ತಿ ಬರತ್ತೆ, ತಗೊಂಡ್ಹೋಗಿ" ಎಂದು ಆಕೆ ಕಡ್ಡಿ ಮುರಿದು ಹಂಚಿದ್ದೇ ಹಂಚಿದ್ದು. ಈಗ ನೋಡಿದರೆ, ಸೊಸೆ ಕಲ್ಯಾಣಿಯ ಕರುಳಿನ ಹುಣ್ಣಿಗೆ ಡಾಕ್ಟರು ಬರೆದದ್ದು ರೋಗನಿರೋಧಕ ಶಕ್ತಿಯನ್ನೇ ತಗ್ಗಿಸುವ ಮಾತ್ರೆ! ಆ ಶಕ್ತಿಯೇ ದಾರಿ ತಪ್ಪಿ ಕರುಳನ್ನು ತಿನ್ನುತ್ತಿದೆ, ಅದಕ್ಕೇ ಅದನ್ನು ಹತ್ತಿಕ್ಕಬೇಕು ಎಂದು ಮಗ ಪ್ರಸನ್ನ ಎರಡು ಸಲ ಬಿಡಿಸಿ ಹೇಳಿದ. ನಾಗಲಕ್ಷ್ಮಮ್ಮ ತಲೆಯಾಡಿಸಿದರು. ಮಾರನೆಯ ಬೆಳಿಗ್ಗೆಯಿಂದ ಸೊಸೆಯ ರಾಗಿ ಮಾಲ್ಟಿಗೆ ಗುಟ್ಟಾಗಿ ಅರ್ಧ ಲೋಟ ಕಷಾಯ ಬೆರೆಸತೊಡಗಿದರು.

"ಯಾಕತ್ತೆ ಕಹಿ?" ಎಂದು ಕಲ್ಯಾಣಿ ಕೇಳಿದ್ದಕ್ಕೆ, "ಮೆಂತ್ಯ ಹಾಕಿದೀನಮ್ಮ, ತಂಪು" ಎಂದಿದ್ದರು.

ಮೂರು ತಿಂಗಳಲ್ಲಿ ಮಲದಲ್ಲಿ ರಕ್ತ ಬೀಳುವುದು ನಿಂತಿತು. ಎಲ್ಲಾ ನನ್ನ ಕಷಾಯದ್ದೇ ಗುಣ ಎಂದು ಆಕೆ ಒಳಗೊಳಗೇ ಬೀಗಿದ್ದೂ ಉಂಟು. ಇವತ್ತು ಜಯನಗರದ ಆಸ್ಪತ್ರೆಯಲ್ಲಿ ಡಾಕ್ಟರು ರಿಪೋರ್ಟು ನೋಡಿ ಹುಬ್ಬು ಗಂಟಿಕ್ಕಿದರು.

"ಕರುಳು ಚೆನ್ನಾಗಿದೆ. ಲಿವರ್ ಕೆಟ್ಟಿದೆ. ಈ ಮಾತ್ರೆದೇ ಕೆಲಸ ಇರ್ಬೇಕು, ನಿಲ್ಲಿಸ್ಬೇಕಾಗತ್ತೆ."

"ಅಯ್ಯೋ ಬೇಡ ಮೇಡಂ!" ಕಲ್ಯಾಣಿ ಕುರ್ಚಿಯ ತುದಿಗೆ ಸರಿದಳು. "ದಿನಕ್ಕೆ ಹದಿನೈದು ಸಲ ಓಡ್ತಿದ್ದೆ. ಒಂದಿನ ಬಸ್ಸಲ್ಲೇ ಬಟ್ಟೆ ಹಾಳಾಗಿ..."

"ಬೇರೆ ಏನಾದ್ರೂ ತಗೋತಿದೀರಾ? ನಾಟಿ ಔಷಧಿ, ಕಷಾಯ?"

"ಏನೂ ಇಲ್ಲ ಮೇಡಂ, ದೇವರಾಣೆ."

ಬೀದಿಗೆಲ್ಲ ಔಷಧಿ ಹೇಳುತ್ತಿದ್ದ ನಾಗಲಕ್ಷ್ಮಮ್ಮ ಸೊಸೆಯ ಪಕ್ಕದಲ್ಲೇ ಕೂತು ಇದನ್ನೆಲ್ಲ ಕೇಳುತ್ತಿದ್ದರು. ಸುಮ್ಮನಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ. ಡಾಕ್ಟರು ಮಾತ್ರೆಯ ಹೆಸರಿನ ಮೇಲೆ ಗೀಟು ಹಾಕಲು ಪೆನ್ನೆತ್ತಿದರು.

"ಅವಳಿಗೆ ಗೊತ್ತಿಲ್ಲ ತಾಯಿ," ಎಂದರು ನಾಗಲಕ್ಷ್ಮಮ್ಮ, ನೆಲ ನೋಡುತ್ತ. "ನಾನೇ ಕೊಡ್ತಿದ್ದೆ. ಅಮೃತಬಳ್ಳಿ ಕಷಾಯ. ದಿನಾ."

ಡಾಕ್ಟರು ಬೈಯಲಿಲ್ಲ; ಬೈದಿದ್ದರೇ ಚೆನ್ನಾಗಿತ್ತು. ಅದು ಕೆಲವರ ಲಿವರಿಗೆ ಆಗುವುದಿಲ್ಲ, ಮಾತ್ರೆ ಹತ್ತಿಕ್ಕುವ ಶಕ್ತಿಯನ್ನೇ ಅದು ಕೆಣಕಲೂಬಹುದು, ಇವತ್ತೇ ನಿಲ್ಲಿಸಿ ಎಂದರು. ಸದ್ಯಕ್ಕೆ ಮಾತ್ರೆ ಅರ್ಧ, ವಾರಕ್ಕೊಮ್ಮೆ ರಕ್ತ ಪರೀಕ್ಷೆ. ಲಿವರ್ ಸುಧಾರಿಸಿದರೆ ಮಾತ್ರೆ ಉಳಿಯುತ್ತದೆ.

ಹೊರಗೆ ಆಟೋಗೆ ಕಾಯುತ್ತ ಕಲ್ಯಾಣಿ ಮೆಲ್ಲಗೆ ಅಂದಳು, "ಮೆಂತ್ಯ ಅಂದ್ರಿ."

"ಹೂಂ."

"ನಾನು ಅಲ್ಲಿ ಆಣೆ ಬೇರೆ ಇಟ್ಟೆ ಅತ್ತೆ."

ನಾಗಲಕ್ಷ್ಮಮ್ಮ ಸೆರಗಿನ ತುದಿಯನ್ನು ಸುತ್ತಿದರು, ಬಿಚ್ಚಿದರು.

"ಮನೇಲಿ ಇವ್ರಿಗೆ ನಾನು ಹೇಳ್ಲಾ?"

"ಬೇಡಮ್ಮ. ನಾನೇ ಹೇಳ್ತೀನಿ."

ಆಟೋ ಬಂತು. ಯಾವಾಗಲೂ ಸೊಸೆಯ ತೋಳು ಹಿಡಿದೇ ಹತ್ತುತ್ತಿದ್ದವರು ಇವತ್ತು ಕಂಬಿ ಹಿಡಿದು, ಮಂಡಿ ನೋವಿಗೆ ಹಲ್ಲು ಕಚ್ಚಿ, ಒಬ್ಬರೇ ಹತ್ತಿ ಮೂಲೆಗೆ ಸರಿದು ಕೂತರು.