ಗಂಜಿ ಹಿಡಿದ ಗಾಲಿ

ಗುಳೇದಗುಡ್ಡದಲ್ಲಿ ಕುಪ್ಪಸದ ಖಣ ನೇಯುವ ಹನಮಪ್ಪನ ಮನೆಮುಂದೆ ಅಂದು ಬೆಳಿಗ್ಗೆ ಎರಡು ಕೆಲಸ ಒಟ್ಟಿಗೇ ನಡೆದಿದ್ದವು. ಓಣಿಯುದ್ದಕ್ಕೂ ಮಗ್ಗಕ್ಕೇರಿಸುವ ಹಾಸಿನ ನೂಲು ಬಿಗಿದು ಅದಕ್ಕೆ ಗಂಜಿ ಹಚ್ಚುತ್ತಿದ್ದರು. ಕಟ್ಟೆಯ ಮೇಲೆ ಅವನ ಮಗಳು ಪ್ರಿಯದರ್ಶಿನಿ ಸೈಕಲ್ಲಿನ ಹಿಂದಿನ ಗಾಲಿ ಬಿಚ್ಚಿಕೊಂಡು ಕೂತಿದ್ದಳು.

ಗಂಜಿ ಕೆಲಸವನ್ನು ನಡುವೆ ಬಿಡುವಂತಿಲ್ಲ. ಬಿಸಿಲೇರುವ ಮೊದಲೇ ಕುಂಚ ಆಡಿಸಿ ಎಳೆಗಳನ್ನು ಬಿಡಿಸದಿದ್ದರೆ ಒಂದಕ್ಕೊಂದು ಅಂಟಿಬಿಡುತ್ತವೆ. ಅದಕ್ಕೇ ಒಬ್ಬರ ಮನೆಯ ನೂಲಿಗೆ ಓಣಿಯವರೆಲ್ಲ ಕೈಹಚ್ಚುತ್ತಾರೆ.

ಗಾಲಿಯ ಕೆಲಸಕ್ಕೂ ಗಡುವಿತ್ತು. ಬಾದಾಮಿಯ ಗುಡ್ಡದ ದಾರಿಯಲ್ಲಿ ಹತ್ತು ಗಂಟೆಗೆ ರಾಜ್ಯ ಸೈಕ್ಲಿಂಗ್ ತಂಡದ ಆಯ್ಕೆಯ ಓಟ. ಎಂಟರ ಬಸ್ಸಿನ ಮೇಲೆ ಸೈಕಲ್ ಏರಿಸಬೇಕಿತ್ತು. ಅದು 2007. ಮುಂದಿನ ವರ್ಷಕ್ಕೆ ಅವಳು ಆ ತಂಡದ ವಯಸ್ಸಿನ ಮಿತಿ ದಾಟುತ್ತಿದ್ದಳು.

ಸೈಕಲ್ ಬಾಗಲಕೋಟೆಯ ತರಬೇತುದಾರರು ಬಳಸಲು ಕೊಟ್ಟದ್ದು. ಟಯರಿನೊಳಗೆ ಟ್ಯೂಬ್ ಇಲ್ಲ. ಟಯರಿನ ಅಂಚು ರಿಮ್ಮಿಗೆ ಗಟ್ಟಿಯಾಗಿ ಕೂತರಷ್ಟೇ ಗಾಳಿ ನಿಲ್ಲುತ್ತದೆ. ನಸುಕಿನಲ್ಲಿ ಹೊಕ್ಕ ಜಾಲಿಮುಳ್ಳನ್ನು ಕಿತ್ತು ಒಳಗಿನಿಂದ ಪ್ಯಾಚ್ ಹಚ್ಚಿದ್ದಳು. ಈಗ ಟಯರು ಕೂರುತ್ತಿರಲಿಲ್ಲ. ಬಸ್ ನಿಲ್ದಾಣದ ಪಂಕ್ಚರ್ ಅಂಗಡಿಯಲ್ಲಿ ಕರೆಂಟ್ ಇಲ್ಲದೆ ಕಂಪ್ರೆಸರ್ ನಿಂತಿತ್ತು. ಊರಲ್ಲಿ ಸಿಗುವ ಟ್ಯೂಬಿನ ವಾಲ್ವು ಈ ರಿಮ್ಮಿನ ಸಣ್ಣ ತೂತಿನಲ್ಲಿ ತೂರುತ್ತಿರಲಿಲ್ಲ. ಉಳಿದದ್ದು ಸೈಕಲ್ಲಿಗೆ ಸಿಕ್ಕಿಸುವ ಗೇಣುದ್ದದ ಪಂಪ್. ಎಷ್ಟು ಒತ್ತಿದರೂ ಗಾಳಿ ಅಂಚಿನಿಂದ ಸುಸ್ಸೆಂದು ಹೊರಬೀಳುತ್ತಿತ್ತು.

ಹನಮಪ್ಪ ನೂಲಿನ ಆಚೆ ತುದಿಯಿಂದ ಇದನ್ನು ನೋಡುತ್ತಲೇ ಇದ್ದ. ಮಗಳು ಪಂಪ್ ಕೆಳಗಿಟ್ಟು ಅಂಗೈ ನೋಡಿಕೊಂಡಾಗ, ಪಕ್ಕದ ಮನೆಯ ಮುರ್ತುಜಸಾಬನಿಗೆ ತನ್ನ ಜಾಗವನ್ನೂ ನೋಡಿಕೊಳ್ಳಲು ಹೇಳಿ ಬಂದ.

"ಯಪ್ಪಾ, ನೂಲ ಬಿಟ್ಟು ಯಾಕ ಬಂದಿ? ಒಣಗತಾವ."

"ಒಣಗಲಿ. ಇದಕ್ಕೇನಾಗೇತಿ ಹೇಳು."

ಅಂಚು ಎರಡೂ ಕಡೆ ಹೊರಗೆ ಸರಿದು ರಿಮ್ಮಿಗೆ ಒತ್ತಿದರೆ ಸಾಕು, ಆದರೆ ಅದಕ್ಕೆ ಬೇಕಾದಷ್ಟು ಗಾಳಿಯನ್ನು ಒಮ್ಮೆಲೇ ಕೊಡಲು ಈ ಪಂಪಿಗೆ ಆಗುವುದಿಲ್ಲ ಎಂದು ಅವಳು ವಿವರಿಸಿದಳು. ತರಬೇತುದಾರರು ಇಂಥದ್ದಕ್ಕೆ ಟಯರಿನ ಸುತ್ತ ಪಟ್ಟಿ ಬಿಗಿದು, ಅಂಚಿಗೆ ಸಬಕಾರದ ನೊರೆನೀರು ಹಚ್ಚಿದ್ದನ್ನು ನೋಡಿದ್ದಳು. ಪಟ್ಟಿ ಈಗ ಅವರ ಹತ್ತಿರವಿತ್ತು.

ಹನಮಪ್ಪ ಮಗ್ಗದ ಹಳೆಯ ಹಗ್ಗ ತಂದು ಟಯರಿನ ನಡುಮಧ್ಯೆ ಸುತ್ತಿದ. ನೂಲು ಬಿಗಿಯುವಾಗ ಮಾಡುವಂತೆ ಹಗ್ಗದಲ್ಲಿ ಕೋಲು ಸಿಕ್ಕಿಸಿ ತಿರುವಿದ. ಟಯರು ನಡುವೆ ತಗ್ಗಿ, ಅಂಚುಗಳು ಅಗಲವಾದವು. ಸಬಕಾರದ ನೀರು ತರಲು ಅವನ ಹೆಂಡತಿ ಇಂದ್ರವ್ವ ಒಳಗೆ ಹೋಗಿದ್ದಳು. ಅಷ್ಟರಲ್ಲಿ ಅವನ ಕೈ ಮುಂಜಾನೆಯಿಂದ ಹೋಗುತ್ತಿದ್ದ ಕಡೆಗೇ ಹೋಯಿತು. ಕುಂಚ ಅದ್ದಿ ಗಾಲಿಯ ಎರಡೂ ಬದಿಗೆ ದಪ್ಪಗೆ ಬಳಿದ.

"ಯಪ್ಪಾ, ಅದು ಗಂಜಿ."

ಹನಮಪ್ಪ ಕುಂಚ ನೋಡಿದ. "ಗೊತ್ತೈತಿ," ಅಂದ. ಗೊತ್ತಿರಲಿಲ್ಲವೆಂದು ಅವನ ಕಿವಿಗಳೇ ಹೇಳುತ್ತಿದ್ದವು, ಕೆಂಪಗಾಗಿದ್ದವು.

"ಏ ಹನಮಪ್ಪ," ಮುರ್ತುಜಸಾಬ ಆ ತುದಿಯಿಂದ ಕೂಗಿದ. "ಸೈಕಲ್ ನೇಯ್ತೀಯೋ, ಖಣ ತುಳೀತೀಯೋ?"

ಒರೆಸಲು ಹೊತ್ತಿರಲಿಲ್ಲ. ಅಪ್ಪ ಕೋಲು ಹಿಡಿದ, ಮಗಳು ಪಂಪ್ ಒತ್ತಿದಳು. ಗಂಜಿಯಲ್ಲಿ ಗುಳ್ಳೆ ಎದ್ದವು, ಒಡೆದವು, ಮತ್ತೆ ಎದ್ದವು. ಅವಳ ತೋಳು ಸೋತಾಗ ನೀರಿನ ಚರಗಿ ಬದಿಗಿಟ್ಟು ಇಂದ್ರವ್ವ ಪಂಪ್ ಕಸಿದುಕೊಂಡಳು. ನಿಧಾನವಾಗಿ ಗುಳ್ಳೆ ನಿಂತವು. ಟಯರು ಉಬ್ಬಿತು. ಹಗ್ಗ ಸಡಿಲಿಸಿ ಮತ್ತೆ ಒತ್ತಿದಾಗ ಟಪ್ಪೆಂದು ಒಂದು ಬದಿ, ತುಸು ತಡೆದು ಇನ್ನೊಂದು ಬದಿ ಕೂತಿತು.

ಪ್ರಿಯದರ್ಶಿನಿ ಗಾಲಿಗೆ ಕಿವಿಯಿಟ್ಟಳು. ಗಾಳಿಯ ಸದ್ದಿರಲಿಲ್ಲ.

"ಹೋಗವಾ, ಬಸ್ ಬಂದೀತು," ಅಂದ ಹನಮಪ್ಪ. ಅವಳು ಓಣಿ ತಿರುಗುವವರೆಗೂ ನಿಂತು, ಆಮೇಲೆ ನೂಲಿನ ಕಡೆ ಓಡಿದ.

ಬಾದಾಮಿಯಲ್ಲಿ ತರಬೇತುದಾರರು ಗಾಲಿ ಮುಟ್ಟಿ, ರಿಮ್ಮಿನ ಅಂಚಿಗೆ ಒಣಗಿದ ಬಿಳಿ ಪದರ ಕೆರೆದು, ಇದೇನೆಂದು ಕೇಳಿದರು.

"ನಮ್ಮ ಅಪ್ಪನ ಕೆಲಸರೀ," ಅಂದಳು. ಓಟ ಮುಗಿಯುವವರೆಗೆ ಗಾಳಿ ನಿಂತಿತು. ಆಯ್ಕೆಯಾದ ನಾಲ್ವರಲ್ಲಿ ಅವಳು ಕೊನೆಯವಳು.

ಹನಮಪ್ಪ ಬಿಟ್ಟುಹೋದ ಜಾಗದಲ್ಲಿ ಮೊಳದಷ್ಟು ನೂಲು ಅಂಟಿಕೊಂಡಿತ್ತು. ಮುರ್ತುಜಸಾಬ ಆದಷ್ಟು ಬಿಡಿಸಿದ್ದರೂ ಅಲ್ಲಿ ನೇಯ್ಗೆ ಒರಟಾಯಿತು, ಆ ಖಣ ವ್ಯಾಪಾರಕ್ಕೆ ಬರಲಿಲ್ಲ. ಇಂದ್ರವ್ವ ಅದನ್ನು ಮಡಚಿ ಹೊಲಿದು, ಬಾಯಿಗೆ ಲಾಡಿ ಪೋಣಿಸಿ ಒಂದು ಚೀಲ ಮಾಡಿದಳು. ಗೇಣುದ್ದದ ಪಂಪ್ ಅದರಲ್ಲಿ ಸರಿಯಾಗಿ ಕೂತಿತು.