ಇಪ್ಪತ್ತೆರಡು ಸಲ ‘ಓದಿದೆ’

ಕನ್ನಡಕದ ಅಂಗಡಿಯ ಹಿಂದಿನ ಕೋಣೆಯಲ್ಲಿ ಗಾಜು ಉಜ್ಜಿ ಫ್ರೇಮಿಗೆ ಕೂರಿಸುವವಳನ್ನು ಎಲ್ಲರೂ ಗಾಜಿನಕ್ಕ ಎಂದೇ ಕರೆಯುತ್ತಿದ್ದರು. ಹದಿನೆಂಟು ವರ್ಷ ಊರಿನವರ ಕಣ್ಣಿಗೆಲ್ಲ ಗಾಜು ಕೊಟ್ಟವಳು. ಒಬ್ಬರಾದರೂ ಹಿಂದಿನ ಕೋಣೆಗೆ ಬಂದು ‘ಚೆನ್ನಾಗಿ ಕಾಣ್ತಿದೆಯಮ್ಮಾ’ ಎಂದದ್ದಿಲ್ಲ. ಅವಳೂ ಅದನ್ನು ಮನಸ್ಸಿಗೆ ಹಚ್ಚಿಕೊಂಡವಳಲ್ಲ. ಆದರೆ ಕಥೆಯ ವಿಷಯ ಬೇರೆ.

ದೋಣಿ ನಡೆಸುವ ಅಕ್ಕತಂಗಿಯರ ಧಾರಾವಾಹಿಯೊಂದು ಟೀವಿಯಲ್ಲಿ ಬರುತ್ತಿತ್ತು. ಅಕ್ಕ ಮಂಜಿನಲ್ಲಿ ಆಚೆ ದಡಕ್ಕೆ ಹೋದಳು, ಚಾನೆಲ್ಲಿನವರು ಅಲ್ಲಿಗೇ ಕೈ ತೊಳೆದುಕೊಂಡರು. ನೋಡುತ್ತಿದ್ದವರ ಹೊಟ್ಟೆ ಉರಿಯದೆ ಇರುತ್ತದೆಯೇ? ಅಂಥವರೆಲ್ಲ ಸೇರಿ ಒಂದು ಜಾಲತಾಣ ಮಾಡಿಕೊಂಡು, ಮುಂದಿನ ಕಥೆಯನ್ನು ತಮತಮಗೆ ತೋಚಿದಂತೆ ಬರೆಯತೊಡಗಿದರು. ಗಾಜಿನಕ್ಕನೂ ‘ಅರೆಗಣ್ಣು’ ಎಂಬ ಹೆಸರಿಟ್ಟುಕೊಂಡು ಬುಧವಾರಕ್ಕೊಂದು ಕಂತು ಹಾಕುತ್ತಿದ್ದಳು. ಅಲ್ಲಿದ್ದ ಕಟ್ಟುಪಾಡು ಒಂದೇ. ಕಂತಿನ ತಲೆಯಲ್ಲಿ ಬರೆದವರು ಏನು ಸೂಚನೆ ಹಾಕಿದರೂ ಓದುಗರು ಅದನ್ನು ಮೀರುವಂತಿಲ್ಲ. ‘ತಪ್ಪು ಎತ್ತಿ ತೋರಿಸಬೇಡಿ’ ಎಂದಿದ್ದರೆ ಬೆಟ್ಟದಂಥ ತಪ್ಪು ಕಂಡರೂ ಬಾಯಿ ಮುಚ್ಚಿಕೊಂಡಿರಬೇಕು.

ಅವಳ ಕಂತನ್ನು ಇನ್ನೂರು ಜನ ತೆರೆಯುತ್ತಿದ್ದರು, ಏಳೆಂಟು ಜನ ಮೆಚ್ಚುಗೆಯ ಗುಂಡಿ ಒತ್ತುತ್ತಿದ್ದರು. ಬಾಯಿ ಬಿಡುತ್ತಿದ್ದವರು ‘ಹಳೇ ಛತ್ರಿ’ ಎಂಬ ಹೆಸರಿನವರು ಒಬ್ಬರೇ. ಅವರಾದರೂ ಬರೆಯುತ್ತಿದ್ದದ್ದೇನು? ‘ಓದಿದೆ.’ ಇಪ್ಪತ್ತೆರಡು ಕಂತಿಗೆ ಇಪ್ಪತ್ತೆರಡು ಸಲ ಅದೇ ಮಾತು.

“ಇದೇನೇ, ಹಾಜರಿ ಹಾಕೋದಾ?” ಎಂದು ಅವಳು ತನ್ನ ತಂಗಿಯ ಮುಂದೆ ಕೂಗಾಡಿದಳು. “ತಂಗಿ ಒಬ್ಬಳೇ ದೋಣಿ ತಳ್ಕೊಂಡು ಹೋಗೋದನ್ನ ಬರೀವಾಗ ನಾನು ಅತ್ತಿದೀನಿ ಕಣೇ. ಅದಕ್ಕೂ ‘ಓದಿದೆ’ ಅಂತೆ!”

ತಂಗಿ ಆಸ್ಪತ್ರೆಯಲ್ಲಿ ನರ್ಸು. ಸಾಕ್ಸು ಹಾಕಿಕೊಳ್ಳುತ್ತ, “ಅಷ್ಟಾದ್ರೂ ಹೇಳ್ತಾರಲ್ಲಕ್ಕ. ನಮ್ಮ ವಾರ್ಡಲ್ಲಿ ಹುಷಾರಾದೋರು ತಿರುಗಿ ಕೂಡ ನೋಡಲ್ಲ,” ಎಂದಳು.

ಕೋಪ ಬಂದವಳ ಕಿವಿಗೆ ಇದು ಹೋದೀತೇ? ಇಪ್ಪತ್ತಮೂರನೆಯ ಕಂತಿನ ತಲೆಯಲ್ಲಿ ಅವಳು ಬರೆದಳು: ‘ಒಂದೇ ಪದ ಬರೆದು ಹೋಗುವವರು ದಯವಿಟ್ಟು ಬರೆಯಬೇಡಿ. ಏನನ್ನಿಸಿತು ಎಂದು ಬರೆಯಿರಿ, ಇಲ್ಲವೇ ಸುಮ್ಮನಿರಿ.’

ಬರೆಯುವ ಉಳಿದವರೆಲ್ಲ ಓಡಿಬಂದರು. ‘ಸರಿಯಾಗಿ ಝಾಡಿಸಿದಿರಿ’, ‘ನಮ್ಮೆಲ್ಲರ ಮನಸ್ಸಿನ ಮಾತು’ ಎಂದು ಅರವತ್ತು ಮೆಚ್ಚುಗೆ ಸುರಿದರು. ಎಲ್ಲವೂ ಸೂಚನೆಗೆ. ಕಥೆಯ ಬಗ್ಗೆ ಒಬ್ಬರೂ ಚಕಾರವೆತ್ತಲಿಲ್ಲ. ಹಳೇ ಛತ್ರಿಯಂತೂ ಪತ್ತೆಯೇ ಇಲ್ಲ.

ಎರಡು ಬುಧವಾರ ಹೋದವು. ಬರೆಯಲು ಉಳಿದಿದ್ದದ್ದು ಕೊನೆಯ ಕಂತು, ಅಕ್ಕ ಮರಳಿ ಬರುತ್ತಾಳೋ ಇಲ್ಲವೋ ಎಂಬುದು. ಗಾಜಿನಕ್ಕ ಕೂತಳು, ಎದ್ದಳು, ಮತ್ತೆ ಕೂತಳು. ಒಂದು ಸಾಲೂ ಹೊರಡಲಿಲ್ಲ. ಇಷ್ಟು ದಿನ ತಾನು ಬರೆದದ್ದು ಇನ್ನೂರು ಜನಕ್ಕಲ್ಲ, ಓದುವ ಆ ಒಬ್ಬರಿಗಾಗಿ ಎಂಬುದು ಅವಳಿಗೆ ಈಗ ತಿಳಿಯಿತು, ನಾಚಿಕೆಯೂ ಆಯಿತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಸೂಚನೆಯನ್ನು ಅಳಿಸಿ ಹಾಕಿದಳು. ಬಾಗಿಲು ಮುಚ್ಚಿಸಿಕೊಂಡು ಹೋದವರು ಅದು ತೆರೆದಿದೆಯೇ ಎಂದು ದಿನಾ ಬಂದು ನೋಡುತ್ತಾರೆಯೇ?

ಒಂದು ಮಧ್ಯಾಹ್ನ ಊಟದ ಬಿಡುವಿನಲ್ಲಿ ಹಳೇ ಛತ್ರಿ ಎಂಬ ಹೆಸರನ್ನೇ ಒತ್ತಿ ನೋಡಿದಳು. ಇಷ್ಟು ದಿನ ಅದು ಹೊಳೆದಿರಲೇ ಇಲ್ಲ, ತನ್ನದೇ ಕಥೆಯ ಧ್ಯಾನ ನೋಡಿ! ಅವರೂ ಬರೆದಿದ್ದರು, ನಲವತ್ತೊಂದು ಕಂತು. ಧಾರಾವಾಹಿಯಲ್ಲಿ ಎರಡೇ ಸಲ ಮುಖ ತೋರಿಸಿ ಹೋಗಿದ್ದ, ಛತ್ರಿ ಹಿಡಿದ ದಡದ ಕಾವಲುಗಾರನ ಕಥೆ. ಪ್ರತಿ ಕಂತಿನ ಕೆಳಗೂ ಅಭಿಪ್ರಾಯಗಳು ಸೊನ್ನೆ. ತಲೆಯಲ್ಲಿ ಒಂದೇ ಸೂಚನೆ: ‘ಹೊಗಳುವುದು ಬೇಡ. ಕೊನೆಯವರೆಗೆ ಓದಿದ್ದರೆ, ಓದಿದೆ ಎಂದು ಹೇಳಿ. ಅಷ್ಟು ಸಾಕು.’

ಅವಳ ಕೈಯಲ್ಲಿದ್ದ ತುತ್ತು ಡಬ್ಬಿಗೇ ಮರಳಿತು. ಆ ಮನುಷ್ಯ ತನಗೆ ಏನು ಬೇಕೆಂದು ಆಸೆಪಟ್ಟಿದ್ದರೋ ಅದನ್ನೇ ಇಪ್ಪತ್ತೆರಡು ಸಲ ಅವಳಿಗೆ ಕೊಟ್ಟಿದ್ದರು.

ಒಂಬತ್ತು ದಿನ ಊಟದ ಬಿಡುವಿನಲ್ಲಿ ಅದನ್ನೇ ಓದಿದಳು. ಹನ್ನೆರಡನೆಯ ಕಂತು ಎಳೆದು ಎಳೆದು ಸಾಕುಮಾಡಿತು, ಬೈದುಕೊಂಡೇ ಓದಿದಳು. ಕೊನೆಯ ಕಂತಿನಲ್ಲಿ ಕಾವಲುಗಾರ ಮಳೆಯಿಲ್ಲದ ದಿನವೂ ಛತ್ರಿ ಹಿಡಿದು ದಡಕ್ಕೆ ಹೋಗುತ್ತಾನೆ. ಅಕ್ಕ ಬಂದರೆ ಬಿಸಿಲಿಗೂ ಬೇಕಾದೀತು ಎಂದು. ಗಾಜಿನಕ್ಕ ಗಾಜು ಒರೆಸುವ ಬಟ್ಟೆಯಲ್ಲೇ ಕಣ್ಣೊರೆಸಿಕೊಂಡಳು.

ಏನನ್ನಿಸಿತು ಎಂದು ಬರೆಯಲು ಹೊರಟಳು. ಹತ್ತು ಸಾಲು ಬರೆದಳು, ಅಳಿಸಿದಳು. ಮತ್ತೆ ಬರೆದಳು, ಅದೂ ಅವಳಿಗೇ ಸುಳ್ಳೆನ್ನಿಸಿತು. ಕಡೆಗೆ ಮೊದಲ ಕಂತಿಗೆ ಹೋಗಿ ‘ಓದಿದೆ’ ಎಂದು ಬರೆದಳು. ಆಮೇಲೆ ಎರಡನೆಯದಕ್ಕೆ, ಮೂರನೆಯದಕ್ಕೆ. ನಲವತ್ತೊಂದನ್ನೂ ಮುಗಿಸುವಷ್ಟರಲ್ಲಿ ಅಂಗಡಿಯ ಯಜಮಾನರು ಎರಡು ಸಲ ಬಾಗಿಲು ತಟ್ಟಿದ್ದರು.

ಮರುದಿನ ಬೆಳಿಗ್ಗೆ ಅವಳ ಇಪ್ಪತ್ತಮೂರನೆಯ ಕಂತಿನ ಕೆಳಗೆ ಹಳೇ ಛತ್ರಿ ಬರೆದಿದ್ದರು: ‘ಬಂದ ದಿನವೇ ಓದಿದೆ. ಸುಮ್ಮನಿರಿ ಅಂದಿದ್ದಿರಿ, ಸುಮ್ಮನಿದ್ದೆ. ಅಕ್ಕ ಬರ್ತಾಳಾ?’

ಗಾಜಿನಕ್ಕ ಅಂಗಡಿಗೆ ಫೋನು ಮಾಡಿ ಒಂದು ಗಂಟೆ ತಡವಾಗುತ್ತದೆ ಎಂದಳು, ಕೊನೆಯ ಕಂತು ಬರೆಯಲು ಕೂತಳು.