ಚಳಿಜ್ವರಕ್ಕೆ ಹಂದಿ ದಂಡ

ನಮ್ಮ ಸೆಪಿಕ್ ನದಿಯ ದಂಡೆಯಲ್ಲಿ ಒಬ್ಬರಿಂದ ಇನ್ನೊಬ್ಬರಿಗೆ ಏನೇ ಹಾನಿಯಾದರೂ ಹಂದಿ ಕೊಟ್ಟೇ ತೀರಬೇಕು. ಹೀಗಿರುವಾಗ ಆಸ್ಪತ್ರೆಯ ನರ್ಸ್ ಚಳಿಜ್ವರ ಬಂದು ಮಲಗಿದ್ದ ನಮ್ಮಕ್ಕ ಬರ್ಟಿಲಾಗೆ ಆ ಮಾತು ಹೇಳಲೇಬಾರದಿತ್ತು.

"ಸೊಳ್ಳೆ ಹುಟ್ಟುತ್ತಾನೇ ಮಲೇರಿಯಾ ತರಲ್ಲಮ್ಮ. ಜ್ವರ ಇದ್ದೋರ ರಕ್ತ ಕುಡಿದು, ಆಮೇಲೆ ನಿನ್ನ ಕಚ್ಚಿರುತ್ತೆ."

ಚಳಿ ಬಿಟ್ಟಿದ್ದೇ ತಡ, ಅಕ್ಕ ನನ್ನನ್ನೂ ದೋಣಿಗೆ ಹತ್ತಿಸಿಕೊಂಡು ಗಂಡನ ಅಣ್ಣ ಕೌಸ್ಪಿಯ ಅಂಗಳಕ್ಕೆ ನುಗ್ಗಿದಳು.

"ಬಾವಾ, ಹೋದ ತಿಂಗಳು ನಮ್ಮನೇಲಿ ಗಡಗಡ ನಡುಗ್ತಾ ಮಲಗಿದ್ರಲ್ಲ? ಸೊಳ್ಳೆಪರದೆ ಕಟ್ಟಿದ್ರೆ ಸೆಕೆ ಅಂತ ಕಿತ್ತು ಬಿಸಾಕಿದ್ರಿ. ನನಗೆ ಬಂದಿದ್ದು ನಿಮ್ಮ ಜ್ವರಾನೇ. ತೆಗೀರಿ ಹಂದಿ!"

ಕೌಸ್ಪಿ ಬಾಯಲ್ಲಿದ್ದ ಅಡಿಕೆ ಉಗಿದು ನಕ್ಕ. "ನನಗೆ ಯಾರು ಕೊಟ್ರು ಅನ್ಕೊಂಡೆ? ಅದಕ್ಕೂ ಮುಂಚೆ ನಿನ್ನ ಗಂಡ ಇಲ್ಲಿಗೆ ಬಂದು ಮೈ ಸುಡ್ತಾ ಬಿದ್ಕೊಂಡಿದ್ದ. ನೀನೇ ತಾರಮ್ಮ ಹಂದಿ!"

ಊರೇ ಸೇರಿತು. ಗಂಡನಿಗೆ ಜ್ವರ ಬಂದದ್ದು ಮುಖಂಡನಿಂದಂತೆ, ಮುಖಂಡನಿಗೆ ಅವನ ಅತ್ತೆಯಿಂದಂತೆ, ಅತ್ತೆಗೆ ಮತ್ತೆ ಕೌಸ್ಪಿಯಿಂದಲೇ ಅಂತೆ! ನಕ್ಕು ನಕ್ಕು ಮುಖಂಡನೇ ನೆಲಕ್ಕುರುಳಿದ. ಕೊನೆಗೆ ಅಕ್ಕನದೊಂದು, ಬಾವನದೊಂದು ಹಂದಿಯನ್ನು ಕಾದ ಕಲ್ಲಿನ ಗುಂಡಿಯಲ್ಲಿ ಬೇಯಿಸಿ, ಕತ್ತಲಾದರೂ ಏಳದೆ ಅಂಗಳದಲ್ಲೇ ಕೂತು ತಿಂದೆವು. ನಾವು ಹಂದಿಯನ್ನು ತಿಂದೆವು, ಸೊಳ್ಳೆಗಳು ನಮ್ಮನ್ನು ತಿಂದವು.

ಎರಡು ವಾರಕ್ಕೆ ನನಗೂ ನಡುಕ ಹತ್ತಿತು. ಹಂದಿ ಕೇಳೋಣವೆಂದರೆ, ಆ ಸಂಜೆ ಅಂಗಳದಲ್ಲಿ ಕೂರದವರು ಊರಲ್ಲಿ ಒಬ್ಬರೂ ಇಲ್ಲ.